ಮೂವತ್ತು ವರ್ಷದ ಸುಳ್ಳು, 31 ಮಿಲಿಮೀಟರ್

ಮೊದಲು ತಪ್ಪೊಪ್ಪಿಗೆ. 1994ರಲ್ಲಿ ಡಿಪ್ಲೊಮಾ ಓದುವಾಗ ನಮ್ಮ ಹಾಸ್ಟೆಲಿನ ಮೆಸ್ ಗೋಡೆಗೆ ಯಾರೋ ಒಂದು ಪೋಸ್ಟರ್ ಅಂಟಿಸಿದ್ದರು. ಹಸಿರು, ನೇರಳೆ ಚುಕ್ಕಿಗಳ ಕಲಸುಮೇಲೋಗರ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಅದರ ಮುಂದೆ ಸ್ವಲ್ಪ ಹೊತ್ತು ಪೆದ್ದುಪೆದ್ದಾಗಿ ನೋಡುತ್ತಿದ್ದರು. ಆಮೇಲೆ "ಲೋ, ಡಾಲ್ಫಿನ್ ಕಣೋ!" ಅಂತ ಕೂಗು. ನಾನು ಮೂರು ದಿನ ನೋಡಿದೆ. ನಾಲ್ಕನೇ ದಿನ "ಹೂಂ, ಕಾಣ್ತು ಕಾಣ್ತು, ಎರಡಿವೆ" ಅಂದುಬಿಟ್ಟೆ. ಎರಡಿದ್ದವೋ ಒಂದಿತ್ತೋ ಇವತ್ತಿಗೂ ಗೊತ್ತಿಲ್ಲ.

ಈಗ ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು. 2024ರ ಜೂನ್ ಮೊದಲ ವಾರ ಏಳನೇ ಕ್ಲಾಸಿನ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದು ಬಂದ. ಅದರಲ್ಲಿ ಇಂಥದ್ದೇ ಒಂದು ಚಿತ್ರ. ಹಾಳೆ ಟ್ರೇಗೆ ಬಿದ್ದ ತಕ್ಷಣ ಎತ್ತಿಕೊಂಡು, ಐದು ಸೆಕೆಂಡು ನೋಡಿ, "ಅಂಕಲ್, ಶಾರ್ಕ್" ಅಂದ. ದುಡ್ಡು ಕೊಟ್ಟು ಹೋದ. ಅವನು ರಸ್ತೆ ದಾಟುವಷ್ಟರಲ್ಲಿ ನಾನು ಇನ್ನೊಂದು ಪ್ರತಿ ತೆಗೆದಿದ್ದೆ.

ಆರ್ಡರ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡದ್ದನ್ನು ಅಷ್ಟಿಷ್ಟು ತಿದ್ದಿ ಇಲ್ಲಿ ಹಾಕುತ್ತಿದ್ದೇನೆ. ಮೊದಲ ಅರ್ಧ ನೋಡಲು ಕಲಿತದ್ದು, ಉಳಿದರ್ಧ ನಾನೇ ಒಂದು ಸ್ಟೀರಿಯೋಗ್ರಾಂ, ಅಂದರೆ ಚುಕ್ಕಿಗಳೊಳಗೆ ಉಬ್ಬಿದ ಆಕಾರ ಅಡಗಿರುವ ಇಂಥ ಚಿತ್ರ, ಮಾಡಿದ್ದು.

ಜೂನ್ 9, ಭಾನುವಾರ. ಮೂಗಿನ ಪ್ರಯೋಗ

ಎಲ್ಲರೂ ಹೇಳುವ ಉಪಾಯ ಇದು. ಹಾಳೆಯನ್ನು ಮೂಗಿಗೆ ತಾಗಿಸಿ, ಏನನ್ನೂ ನೋಡದವರ ಹಾಗೆ ನೋಡುತ್ತಾ, ನಿಧಾನವಾಗಿ ದೂರ ಸರಿಸಬೇಕು. ಇಪ್ಪತ್ತು ಸಲ ಮಾಡಿದೆ. ಹಾಳೆ ಮೂಗು ಬಿಟ್ಟು ಒಂದು ಗೇಣು ದೂರ ಹೋಗುತ್ತಿದ್ದಂತೆ ಕಣ್ಣು ಟಕ್ಕನೆ ಹಾಳೆಗೇ ಅಂಟಿಕೊಳ್ಳುತ್ತದೆ. ಚುಕ್ಕಿಗಳು ಸ್ಪಷ್ಟ, ಶಾರ್ಕ್ ನಾಪತ್ತೆ. "ಕಾಗದ ಯಾಕೆ ಮೂಸ್ತಿದ್ದೀರ?" ಅಂದಳು ಹೆಂಡತಿ. ಅರ್ಧ ಗಂಟೆಗೆ ಹುಬ್ಬಿನ ಮೇಲೆ ನೋವು ಶುರು, ನಿಲ್ಲಿಸಿದೆ.

ಆಮೇಲಿಂದ ಒಂದು ಸಲಕ್ಕೆ ಹತ್ತೇ ನಿಮಿಷ ಅಂತ ಗಡಿಯಾರ ಇಟ್ಟುಕೊಂಡೆ. ಹಟ ಹಿಡಿದು ಕೂತರೆ ಕಣ್ಣು ಇನ್ನಷ್ಟು ಬಿಗಿಯಾಗುತ್ತದೆ.

ಜೂನ್ 11. ಬೆರಳು

ನನ್ನ ಎರಡು ಕಣ್ಣೂ ಜೊತೆಯಾಗಿ ಕೆಲಸ ಮಾಡುತ್ತಿವೆಯೋ ಇಲ್ಲವೋ ಅನ್ನುವುದೇ ಅನುಮಾನವಾಗಿತ್ತು. ಎರಡು ತೋರುಬೆರಳುಗಳನ್ನು ತುದಿಗೆ ತುದಿ ಎದುರಾಗಿ, ಒಂದು ಸೆಂಟಿಮೀಟರ್ ಬಿಟ್ಟು, ಮುಖದ ಮುಂದೆ ಹಿಡಿದು, ಅವುಗಳ ಮೇಲಿಂದ ಎದುರು ಅಂಗಡಿಯ ಷಟರ್ ನೋಡಿದೆ. ಬೆರಳುಗಳ ನಡುವೆ ಎರಡೂ ಕಡೆ ಉಗುರಿರುವ ಒಂದು ಪುಟ್ಟ ತುಂಡು ಗಾಳಿಯಲ್ಲಿ ತೇಲತೊಡಗಿತು, ಸಿಪ್ಪೆ ಸುಲಿದ ಏಲಕ್ಕಿ ಬಾಳೆಹಣ್ಣಿನ ತುಣುಕಿನ ಹಾಗೆ. ಬೆರಳನ್ನೇ ನೋಡಲು ಹೋದರೆ ತುಂಡು ಮಾಯ, ಮತ್ತೆ ಷಟರ್ ನೋಡಿದರೆ ಹಾಜರ್. ಸರಿ, ಎರಡೂ ಕಣ್ಣು ಡ್ಯೂಟಿಯಲ್ಲಿವೆ.

ಮಾಡಬೇಕಾದ್ದು ಇದನ್ನೇ: ಹಾಳೆಯ ಆಚೆ ಎಲ್ಲೋ ದೂರ ನೋಡಬೇಕು, ಆದರೆ ಗಮನ ಹಾಳೆಯ ಮೇಲಿರಬೇಕು. ಹೇಳುವುದಕ್ಕೆ ಒಂದು ಸಾಲು. ಮಾಡುವುದಕ್ಕೆ ನನಗೆ ಇನ್ನೂ ಎಂಟು ದಿನ ಹಿಡಿಯಿತು.

ಜೂನ್ 12. ಎರಡು ಚುಕ್ಕಿ

ಶಾರ್ಕ್ ಬಿಟ್ಟು ಸುಲಭದ್ದನ್ನು ಹಿಡಿದೆ. ಕೋರೆಲ್‌ಡ್ರಾದಲ್ಲಿ 6 ಮಿ.ಮೀ. ಅಗಲದ ಕಪ್ಪು ಚುಕ್ಕಿಗಳ ಐದು ಜೋಡಿ. ಜೋಡಿಯ ನಡುವಿನ ಅಂತರ, ಮಧ್ಯದಿಂದ ಮಧ್ಯಕ್ಕೆ, 20, 30, 40, 50, 60 ಮಿ.ಮೀ. ಒಂದೊಂದು ಹಾಳೆಗೆ ಒಂದೊಂದು ಜೋಡಿ.

ದೂರದ ನೀರಿನ ಟ್ಯಾಂಕ್ ನೋಡುತ್ತಾ ನಿಂತು, ಕಣ್ಣು ಅಲುಗಿಸದೆ, ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ತಂದೆ. ಎರಡು ಚುಕ್ಕಿ ನಾಲ್ಕಾದವು. ನಡುವಿನ ಎರಡು ತೇಲುತ್ತಾ ಹತ್ತಿರ ಬಂದು ಒಂದಾದವು. ಒಟ್ಟು ಮೂರು. 20ರ ಜೋಡಿ ಮೊದಲ ದಿನವೇ ಸಿಕ್ಕಿತು, 30ರದ್ದು ಸಂಜೆ ಹೊತ್ತಿಗೆ. ಖುಷಿಯಲ್ಲಿ ಶಾರ್ಕ್ ಹಾಳೆ ಎತ್ತಿಕೊಂಡೆ. ಏನೂ ಇಲ್ಲ.

ಜೂನ್ 13. ಮೊದಲ ದೊಡ್ಡ ತಪ್ಪು

ಮೂರು ಚುಕ್ಕಿ ಕಾಣಿಸಿಕೊಳ್ಳುವುದಕ್ಕೆ ಎರಡು ದಾರಿ ಇವೆ. ಹಾಳೆಯ ಆಚೆ ನೋಡಿದರೂ ಮೂರು, ಹಾಳೆಯ ಈಚೆಗೆ ಕಣ್ಣು ಸೇರಿಸಿ ಮಾಲುಗಣ್ಣು ಮಾಡಿದರೂ ಮೂರೇ. ಟ್ಯಾಂಕ್ ನೋಡಿ ಶುರು ಮಾಡುತ್ತಿದ್ದರೂ ಹಾಳೆ ಎದುರಿಗೆ ಬಂದ ಕ್ಷಣ ನನಗೆ ಗೊತ್ತಿಲ್ಲದೆ ಎರಡನೆಯದನ್ನು ಮಾಡುತ್ತಿದ್ದೆ. ಪತ್ತೆಯಾದದ್ದು ಹೀಗೆ:

ಮೂರು ಚುಕ್ಕಿ ಕಾಣುತ್ತಿರುವಾಗ ಬಲಗಣ್ಣು ಮುಚ್ಚಿ. ಎಡಗಡೆಯ ಚುಕ್ಕಿ ಮಾಯವಾದರೆ ನೀವು ಆಚೆ ನೋಡುತ್ತಿದ್ದೀರಿ, ಸರಿ. ಬಲಗಡೆಯದು ಮಾಯವಾದರೆ ಮಾಲುಗಣ್ಣು.

ನನಗೆ ಬಲಗಡೆಯದೇ ಹೋಗುತ್ತಿತ್ತು. ಇನ್ನೊಂದು ಗುರುತೂ ಇದೆ: ಮಾಲುಗಣ್ಣಿನಲ್ಲಿ ನಡುವಿನ ಚುಕ್ಕಿ ಸ್ವಲ್ಪ ಚಿಕ್ಕದಾಗಿ, ಮೂಗಿನ ಹತ್ತಿರ ಬಂದ ಹಾಗೆ ಇರುತ್ತದೆ. ಆ ರೀತಿ ನೋಡಿದರೂ ಸ್ಟೀರಿಯೋಗ್ರಾಂ ಕಾಣದೇ ಇರುವುದಿಲ್ಲ, ಆದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ತಿರುಗುಮುರುಗಾಗುತ್ತದೆ. ಎರಡು ದಿನದ ಅಭ್ಯಾಸ ನೀರುಪಾಲು. ಅಷ್ಟೇ ಅಲ್ಲ, ತಪ್ಪು ಅಭ್ಯಾಸ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಮತ್ತೆರಡು ದಿನ.

ಜೂನ್ 16. ಕನ್ನಡಕ

ವಯಸ್ಸು ನಲವತ್ತೆಂಟು. ದೂರಕ್ಕೆ ನಂಬರ್ ಇಲ್ಲ, ಹತ್ತಿರಕ್ಕೆ +2.00. ಹಾಕುತ್ತಿದ್ದದ್ದು ಪ್ರೋಗ್ರೆಸಿವ್. ಅದರಲ್ಲಿ ಓದುವ ಭಾಗ ಗಾಜಿನ ಕೆಳಗೆ ಒಂದು ಸಣ್ಣ ಕಿಂಡಿ. ಹಾಳೆಯನ್ನು ಮುಖದ ನೇರಕ್ಕೆ ಹಿಡಿದರೆ ದೂರದ ಭಾಗದಿಂದ ನೋಡಿದ ಹಾಗಾಗಿ ಚುಕ್ಕಿಗಳೆಲ್ಲ ಮಂಜು. ಗದ್ದ ಎತ್ತಿ ಕಿಂಡಿಗೆ ತಂದರೆ ಕಣ್ಣುಗಳು ಓದುವ ಅಭ್ಯಾಸಬಲದಿಂದ ಒಳಕ್ಕೆ ತಿರುಗುತ್ತವೆ. ಎಡವಿದರೆ ಹಾಳು, ಎಡವದಿದ್ದರೂ ಹಾಳು.

ಭಾನುವಾರದ ಸಂತೆಯಲ್ಲಿ ನೆಲದ ಮೇಲೆ ಹರಡಿಕೊಂಡು ಮಾರುವವರ ಹತ್ತಿರ +2.00ರ ಸಾದಾ ರೀಡಿಂಗ್ ಗ್ಲಾಸ್ ತೆಗೆದುಕೊಂಡೆ. 180 ರೂಪಾಯಿ. +2.00 ಗಾಜು ಅಂದರೆ ಕಣ್ಣು ಪೂರ್ತಿ ಸಡಿಲವಾಗಿ ದೂರಕ್ಕೆ ನೋಡುವ ಸ್ಥಿತಿಯಲ್ಲಿದ್ದರೂ ಅರ್ಧ ಮೀಟರಿನಲ್ಲಿರುವುದು ಸ್ಪಷ್ಟ. ಬೇಕಾಗಿದ್ದದ್ದು ಇದೇ ಅಲ್ಲವೇ. ಹಾಳೆ 50 ಸೆಂ.ಮೀ. ದೂರದಲ್ಲಿಟ್ಟೆ. 30ರ ಜೋಡಿ ಸೇರಿತು, ನಡುವಿನ ಚುಕ್ಕಿಯ ಅಂಚು ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೊಕ್ಕ. ಬಲಗಣ್ಣು ಮುಚ್ಚಿದೆ. ಎಡಗಡೆಯ ಚುಕ್ಕಿ ಹೋಯಿತು!

ಚಾಳೀಸು ಬಂದವರಿಗೆ ಇದು ಕಷ್ಟ ಅಂತ ಅಂದುಕೊಂಡಿದ್ದೆ. ಸರಿಯಾದ ಗಾಜು ಹಾಕಿಕೊಂಡರೆ ಹುಡುಗರಿಗಿಂತ ಒಂದು ಕೈ ಸುಲಭವೇ ಇರಬಹುದು. ಅವರ ಕಣ್ಣು ಫೋಕಸ್ಸಿನ ಹಿಂದೆ ಓಡುತ್ತದೆ, ನಮ್ಮದಕ್ಕೆ ಆ ಓಟದ ಶಕ್ತಿಯೇ ಉಳಿದಿಲ್ಲ.

ಜೂನ್ 18. ಸ್ಕೇಲ್ ಹಿಡಿದದ್ದು

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ದಿನವಿಡೀ ಮಿಲಿಮೀಟರ್ ಲೆಕ್ಕದಲ್ಲಿ ಬದುಕುವವನು ನಾನು, ಆದರೂ ಒಂಬತ್ತು ದಿನ ಆ ಹಾಳೆಯ ಮೇಲೆ ಸ್ಕೇಲ್ ಇಟ್ಟಿರಲಿಲ್ಲ.

ಸ್ಟೀರಿಯೋಗ್ರಾಂ ಅಂದರೆ ಒಂದೇ ಪಟ್ಟಿ ಎಡದಿಂದ ಬಲಕ್ಕೆ ಮತ್ತೆ ಮತ್ತೆ, ಅಲ್ಲಲ್ಲಿ ಚೂರು ಜರುಗಿಸಿ, ಅಚ್ಚಾಗಿರುವುದು. ಶಾರ್ಕ್ ಹಾಳೆಯಲ್ಲಿ ಒಂದು ಕೆಂಪು ಕಲೆ ಹಿಡಿದು ಅದರ ಮುಂದಿನ ನಕಲಿನ ತನಕ ಅಳೆದೆ: 47.5 ಮಿ.ಮೀ. ಇಡೀ ಹಾಳೆಯಲ್ಲಿ ಆರು ಪಟ್ಟಿ. ಕನ್ನಡಕದ ಅಂಗಡಿಯ ಹಳೆ ಚೀಟಿ ಹುಡುಕಿದೆ. ಅದರಲ್ಲಿ ಪಿ.ಡಿ. 62 ಅಂತ ಬರೆದಿತ್ತು, ಅಂದರೆ ನನ್ನ ಎರಡು ಕಣ್ಣುಪಾಪೆಗಳ ನಡುವಿನ ಅಂತರ 62 ಮಿ.ಮೀ. ಪಟ್ಟಿಯ ಅಗಲ ಕಣ್ಣಿನ ಅಂತರಕ್ಕಿಂತ ಕಡಿಮೆ ಇರಲೇಬೇಕು. ಹೆಚ್ಚಾದರೆ ಕಣ್ಣುಗಳು ಹೊರಕ್ಕೆ ಕವಲೊಡೆಯಬೇಕಾಗುತ್ತದೆ, ಅದು ಆಗದ ಮಾತು. ಕಡಿಮೆ ಇದ್ದರೂ ಹತ್ತಿರಹತ್ತಿರ ಬಂದಷ್ಟೂ ಕಷ್ಟ. 50 ಸೆಂ.ಮೀ. ದೂರದ ಹಾಳೆಯಲ್ಲಿ 47.5ರ ಪಟ್ಟಿ ಸೇರಿಸಬೇಕಾದರೆ ನಾನು ಎರಡು ಮೀಟರಿಗೂ ಆಚೆ ನೋಡಬೇಕಿತ್ತು. ಪಟ್ಟಿ 31 ಆದರೆ, ಅಂದರೆ 62ರ ಅರ್ಧ, ಒಂದೇ ಮೀಟರ್.

ಇಷ್ಟು ದಿನ ಕಣ್ಣಿನ ದೋಷ ಅಂದುಕೊಂಡಿದ್ದೆ. ದೋಷ ಪ್ರಿಂಟ್ ಸೈಜಿನದು. ಹುಡುಗ ಕೇಳಿದ ಹಾಗೆ ಹಾಳೆ ತುಂಬಾ ಪ್ರಿಂಟ್ ಮಾಡಿದವನು ನಾನೇ. (ಹುಡುಗನ ಕಣ್ಣುಗಳ ಅಂತರ ನನಗಿಂತ ಕಡಿಮೆಯೇ ಇರಬೇಕು, ಅವನಿಗೆ ಅದು ಇನ್ನೂ ಕಷ್ಟವಾಗಬೇಕಿತ್ತು. ಆದರೂ ಐದು ಸೆಕೆಂಡಿನಲ್ಲಿ ಕಂಡ. ಅಭ್ಯಾಸ ಇರುವವರ ಲೆಕ್ಕವೇ ಬೇರೆ.)

ಶೇಕಡಾ 65ಕ್ಕೆ ಇಳಿಸಿ ಮತ್ತೆ ಪ್ರಿಂಟ್ ಮಾಡಿದೆ.

ಜೂನ್ 19. ದೇವರ ಫೋಟೋ ಫ್ರೇಮು

10x8 ಇಂಚಿನ ಗಾಜಿನ ಫ್ರೇಮು, 220 ರೂಪಾಯಿ. ಇಳಿಸಿದ ಹಾಳೆ ಅದರೊಳಗೆ. ಉಪಾಯ ಇಷ್ಟೇ: ಚಿತ್ರವನ್ನು ನೋಡಬೇಡಿ, ಗಾಜಿನಲ್ಲಿ ಕಾಣುವ ನಿಮ್ಮ ಮುಖ ನೋಡಿ. ಮುಖ ಗಾಜಿನಿಂದ ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದಿರುತ್ತದೆ. ಹಾಗಾಗಿ ಬಿಂಬ ನೋಡುವಾಗ ಎರಡೂ ಕಣ್ಣಿನ ನೋಟ ಗಾಜನ್ನು ದಾಟುವ ಜಾಗಗಳ ನಡುವೆ ಸರಿಯಾಗಿ ಪಿ.ಡಿ.ಯ ಅರ್ಧದಷ್ಟು ಅಂತರ. ನನಗೆ 31. ಎಷ್ಟು ದೂರ ಕೂತರೂ 31 ಅನ್ನುವುದೇ ಇದರ ಚಂದ.

ಬೆಳಗಿನ ಪ್ರಯತ್ನ ವಿಫಲ. ಚಿತ್ರ ತಿಳಿ ಬಣ್ಣದ್ದು, ಗಾಜಿನಲ್ಲಿ ಮುಖವೇ ಕಾಣಲಿಲ್ಲ, ಕಂಡದ್ದು ಟ್ಯೂಬ್‌ಲೈಟು. ಫೋಟೋಶಾಪಿನಲ್ಲಿ ಚಿತ್ರವನ್ನು ಕಪ್ಪಾಗಿಸಿ ಮತ್ತೊಂದು ಪ್ರಿಂಟ್. ರಾತ್ರಿ ಅಂಗಡಿಯ ಷಟರ್ ಅರ್ಧ ಎಳೆದು, ಟ್ಯೂಬ್ ಆರಿಸಿ, ಟೇಬಲ್ ಲ್ಯಾಂಪನ್ನು ಫ್ರೇಮಿನ ಪಕ್ಕದಲ್ಲಿ ನನ್ನ ಮುಖಕ್ಕೆ ತಿರುಗಿಸಿಟ್ಟು ಕೂತೆ.

ಗಾಜಿನಲ್ಲಿ ನನ್ನ ಕಣ್ಣು. ಅದನ್ನೇ ನೋಡುತ್ತಾ ಇದ್ದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಚುಕ್ಕಿಗಳು ಮಂದವಾಗಿ, ಹಾಳೆ ಹಾಳೆಯಾಗಿ ಉಳಿಯಲಿಲ್ಲ. ಬಾವಿಗೆ ಬಗ್ಗಿದಾಗ ಮೊದಲು ನೀರಿನ ಮೇಲಿನ ಆಕಾಶ ಕಂಡು, ಕಣ್ಣು ಒಗ್ಗಿದ ಮೇಲೆ ತಳದ ಕಲ್ಲು ಕಾಣುತ್ತದಲ್ಲ, ಹಾಗೆ ಫ್ರೇಮಿನೊಳಗೆ ಎಲ್ಲಾ ಒಂದು ಮೊಳ ಹಿಂದಕ್ಕೆ ಇಳಿಯಿತು. ಬಲಗಡೆ ಮೇಲೆ ಒಂದು ಅಂಚು. ಬಣ್ಣ ಬೇರೆಯಲ್ಲ, ಗೆರೆ ಇಲ್ಲ, ಆದರೂ ಅಂಚು. ಅದರ ಈಚೆಗಿನ ಚುಕ್ಕಿಗಳು ಗಾಳಿಯಲ್ಲಿ ನಿಂತಿದ್ದವು. ಅದು ಬೆನ್ನಿನ ರೆಕ್ಕೆ ಅಂತ ಗೊತ್ತಾಗಿ "ಹಾ!" ಅಂದು ಕಣ್ಣು ಅತ್ತ ಹೊರಳಿಸಿದೆ. ಎಲ್ಲಾ ಮಟಾಷ್. ಮತ್ತೆ ಚುಕ್ಕಿಗಳ ಗಸಗಸೆ.

ನಾಲ್ಕು ಸೆಕೆಂಡು ಇದ್ದಿರಬಹುದು. ಎರಡನೇ ಸಲ ಇಪ್ಪತ್ತು. ಒಂಬತ್ತೂವರೆ ಹೊತ್ತಿಗೆ ಬಾಲದಿಂದ ಮೂತಿಯ ತನಕ ಕಣ್ಣು ಓಡಿಸಿದರೂ ಶಾರ್ಕ್ ಅಲುಗಲಿಲ್ಲ. ಒಂದು ಕಣ್ಣು ಮುಚ್ಚಿದೆ, ಮಾಯ. ಇನ್ನೊಂದು ಮುಚ್ಚಿದೆ, ಮಾಯ. 1960ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಬೇಲಾ ಯೂಲೆಸ್ ಕಂಪ್ಯೂಟರಿನಲ್ಲಿ ಚುಕ್ಕಿಗಳ ಜೋಡಿಚಿತ್ರ ಮಾಡಿ ಪ್ರಕಟಿಸಿದ್ದು ಇದನ್ನೇ ತೋರಿಸಲು: ಒಂದೊಂದು ಕಣ್ಣಿಗೂ ಇಲ್ಲದ ಆಕಾರ, ಎರಡೂ ಕೂಡಿದಾಗ ಮಿದುಳಿನಲ್ಲಿ ಹುಟ್ಟುತ್ತದೆ. ಆ ಎರಡು ಚಿತ್ರಗಳನ್ನು ಒಂದೇ ಹಾಳೆಗೆ ಇಳಿಸಿದ್ದು 1979ರಲ್ಲಿ ಕ್ರಿಸ್ಟೋಫರ್ ಟೈಲರ್ ಮತ್ತು ಮೌರೀನ್ ಕ್ಲಾರ್ಕ್. ನಮ್ಮ ಮೆಸ್ಸಿನ ಪೋಸ್ಟರಿನ ವಂಶ ಅಲ್ಲಿಂದ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಅದಕ್ಕೆ ಹತ್ತು ದಿನ ಬೇಕಾಯ್ತಾ?" ಅಂದಳು.

ಜೂನ್ 22. ಎರಡನೇ ದೊಡ್ಡ ತಪ್ಪು, ಇದು ಕಣ್ಣಿನದಲ್ಲ

ಹೊಸದಾಗಿ ಕಲಿತವನ ಉತ್ಸಾಹದಲ್ಲಿ ಅಂಗಡಿಯ ಹುಡುಗನನ್ನು ಹಿಡಿದು ಕೂರಿಸಿದೆ. ಇಪ್ಪತ್ತೆರಡರ ಪ್ರಾಯ, ಕಾರ್ಡ್ ಕಟಿಂಗಿನಲ್ಲಿ ಕೂದಲೆಳೆ ಆಚೀಚೆ ಆಗದ ಕೈ. ಲ್ಯಾಂಪ್ ಹಾಕಿದೆ, ಫ್ರೇಮ್ ಇಟ್ಟೆ, "ನಿನ್ನ ಕಣ್ಣೇ ನೋಡು, ಸಡಿಲ ಬಿಡು, ಸಡಿಲ ಬಿಡು" ಅಂತ ಬೆನ್ನ ಹಿಂದೆ ನಿಂತು ಜಪ ಮಾಡಿದೆ. ಹದಿನೈದು ನಿಮಿಷ. ಕೊನೆಗೆ ಅವನು "ಹೂಂ ಅಣ್ಣ, ಕಾಣ್ತು ಕಾಣ್ತು" ಅಂದ.

"ಎಷ್ಟಿವೆ?"

"ಎರಡು."

ಆ ದನಿ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷದಿಂದ ಗೊತ್ತು.

ಟೀ ತರಿಸಿ ಕೇಳಿದ ಮೇಲೆ ಹೇಳಿದ. ಚಿಕ್ಕಂದಿನಲ್ಲಿ ಮಾಲುಗಣ್ಣಿತ್ತಂತೆ, ಒಂಬತ್ತನೇ ವಯಸ್ಸಿನಲ್ಲಿ ಆಪರೇಷನ್ ಆಗಿ ನೇರವಾಗಿದೆ. ಆದರೆ ಒಂದು ಹೊತ್ತಿಗೆ ಒಂದೇ ಕಣ್ಣು ನೋಡುತ್ತದೆ. ಪೆನ್ನಿನ ಪರೀಕ್ಷೆ ಮಾಡಿದೆವು: ನಾನು ಒಂದು ಪೆನ್ನನ್ನು ನೆಟ್ಟಗೆ ಹಿಡಿಯುವುದು, ಅವನು ಇನ್ನೊಂದನ್ನು ಮೇಲಿನಿಂದ ಇಳಿಸಿ ಅದರ ತಲೆಗೆ ತಲೆ ತಾಗಿಸುವುದು. ಎರಡೂ ಕಣ್ಣು ತೆರೆದು ಹತ್ತರಲ್ಲಿ ಐದು ಸಲ ತಪ್ಪಿತು, ಒಂದು ಮುಚ್ಚಿದಾಗಲೂ ಐದೇ. ನಾನು ಮಾಡಿದಾಗ ತೆರೆದು ಒಂದೂ ತಪ್ಪಲಿಲ್ಲ, ಮುಚ್ಚಿದಾಗ ಆರು ತಪ್ಪು. ಅವನಿಗೆ ಫ್ರೇಮು, ಲ್ಯಾಂಪು, ಕನ್ನಡಕ ಯಾವುದೂ ಉಪಯೋಗವಿಲ್ಲ. ಜಪ ಶುರು ಮಾಡುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

"ಕಾಣ್ತು ಅಂದ್ರೆ ಬೇಗ ಮುಗಿಸ್ತೀರ ಅಂದುಕೊಂಡೆ, ಅದಕ್ಕೆ ಸುಳ್ಳು ಹೇಳ್ದೆ" ಅಂದ. ನಾನು ಡಾಲ್ಫಿನ್ ಕತೆ ಹೇಳಿದೆ.

ಜೂನ್ 27ರಿಂದ ಜುಲೈ 14. ನನ್ನದೇ ಒಂದು

ಗುರಿ: ಎ4 ಅಡ್ಡ ಹಾಳೆ, 300 ಡಿಪಿಐ (ಇಂಚಿಗೆ 300 ಪಿಕ್ಸೆಲ್), ಪಟ್ಟಿ 31 ಮಿ.ಮೀ. ಅಂದರೆ 366 ಪಿಕ್ಸೆಲ್, ಒಳಗೆ 'ಅ' ಅಕ್ಷರ.

ಬೇಕಾದದ್ದು ಎರಡು. ಒಂದು, ಆಳದ ನಕ್ಷೆ: ಕಪ್ಪು ಹಿನ್ನೆಲೆಯ ಮೇಲೆ ಬಿಳಿ 'ಅ'. ಕಪ್ಪು ದೂರ, ಬಿಳಿ ಹತ್ತಿರ. ಎರಡು, ಪೈಥಾನ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಕಂಪ್ಯೂಟರ್ ಸ್ಕ್ರಿಪ್ಟು: ಪ್ರತಿ ಸಾಲಿನಲ್ಲಿ ಮೊದಲ 366 ಪಿಕ್ಸೆಲ್ ಮನಬಂದ ಚುಕ್ಕಿ, ಅಲ್ಲಿಂದ ಮುಂದೆ ಪ್ರತಿಯೊಂದು ಪಿಕ್ಸೆಲ್ಲೂ ತನ್ನ ಎಡಕ್ಕೆ 366 ದೂರದಲ್ಲಿರುವುದರ ನಕಲು. ನಕ್ಷೆಯಲ್ಲಿ ಬಿಳಿ ಇದ್ದಲ್ಲಿ 366ರ ಬದಲು ಸ್ವಲ್ಪ ಕಡಿಮೆ ದೂರದಿಂದ ನಕಲು. ಇಷ್ಟೇ. ಮೂವತ್ತು ಸಾಲೂ ಇಲ್ಲ. ಆದರೂ ಸರಿಯಾಗಲು ಹದಿನೆಂಟು ದಿನ.

ಪ್ರಯತ್ನ 1. ಒಂದು ಪಿಕ್ಸೆಲ್ಲಿಗೆ ಒಂದು ಚುಕ್ಕಿ. ಅಷ್ಟು ಸಣ್ಣ ಚುಕ್ಕಿ ಪ್ರಿಂಟರಿನಲ್ಲಿ ಕಲಸಿ ಇಡೀ ಹಾಳೆ ಸಿಮೆಂಟ್ ಬಣ್ಣಕ್ಕೆ ತಿರುಗಿತು. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಚುಕ್ಕಿಯನ್ನು 4x4 ಪಿಕ್ಸೆಲ್ ಮಾಡಿದ ಮೇಲೆ ಸರಿಯಾಯಿತು.

ಪ್ರಯತ್ನ 2. 'ಅ' ಕಂಡಿತು, ಆದರೆ ಉಬ್ಬುವ ಬದಲು ಕಲ್ಲಿನಲ್ಲಿ ಕೆತ್ತಿದ ಶಾಸನದ ಹಾಗೆ ಒಳಗೆ ಹೋಗಿತ್ತು. ಮತ್ತೆ ಮಾಲುಗಣ್ಣು ಶುರುವಾಯಿತಾ ಅಂತ ಗಾಬರಿ. ಬಲಗಣ್ಣಿನ ಪರೀಕ್ಷೆ ಮಾಡಿದೆ, ಕಣ್ಣು ಸರಿ ಇತ್ತು. ಸ್ಕ್ರಿಪ್ಟಿನಲ್ಲಿ ಕಳೆಯುವಲ್ಲಿ ಕೂಡಿದ್ದೆ. ಪಟ್ಟಿ ಕಿರಿದಾದರೆ ಹತ್ತಿರ, ಅಗಲವಾದರೆ ದೂರ.

ಪ್ರಯತ್ನ 3. ಉಬ್ಬಿತು. ಎಷ್ಟು ಜರುಗಿಸಿದರೆ ಎಷ್ಟು ಉಬ್ಬುತ್ತದೆ ಅನ್ನುವ ಲೆಕ್ಕ ಮಜಾ ಇದೆ. ಅರ್ಧ ಮೀಟರ್ ದೂರದಿಂದ ನೋಡುವಾಗ ಹಿನ್ನೆಲೆ ಒಂದು ಮೀಟರಿನಲ್ಲಿರುತ್ತದೆ. 12 ಪಿಕ್ಸೆಲ್, ಅಂದರೆ ಹಾಳೆಯ ಮೇಲೆ ಬರೀ ಒಂದು ಮಿ.ಮೀ. ಜರುಗಿಸಿದರೆ ಅಕ್ಷರ ಹಿನ್ನೆಲೆಯಿಂದ ಮೂರು ಸೆಂ.ಮೀ. ಮುಂದೆ ಬರುತ್ತದೆ. 40 ಪಿಕ್ಸೆಲ್ ಹಾಕಿದರೆ ಹತ್ತು ಸೆಂ.ಮೀ. ಆಸೆಬುರುಕ ನಾನು, 40 ಹಾಕಿದೆ.

ಎರಡು ಎಡವಟ್ಟು ಒಟ್ಟಿಗೆ ಬಂದವು. ನಕ್ಷೆಯಲ್ಲಿ ನಟ್ಟನಡುವೆ ಇಟ್ಟ ಅಕ್ಷರ ಕಣ್ಣಿಗೆ 15 ಮಿ.ಮೀ. ಎಡಕ್ಕೆ ಕಂಡಿತು. ಇದು ಒಂದು ಇಡೀ ಸಂಜೆ ತಿಂದಿತು. ಬಿಂದು ಕಾಣುವುದು ಅಸಲು ಮತ್ತು ನಕಲು ಇವೆರಡರ ನಡುವೆ, ನಕಲಿನ ಮೇಲಲ್ಲ. ಆದ್ದರಿಂದ ಅರ್ಧ ಪಟ್ಟಿಯಷ್ಟು ಎಡಕ್ಕೆ ಸರಿಯುತ್ತದೆ. ನಕ್ಷೆಯನ್ನು 183 ಪಿಕ್ಸೆಲ್ ಬಲಕ್ಕೆ ತಳ್ಳಿದೆ. ಇದು ತೇಪೆ ಕೆಲಸ. ಸರಿಯಾದ ರೀತಿ 1994ರಲ್ಲಿ ಥಿಂಬಲ್ಬಿ, ಇಂಗ್ಲಿಸ್, ವಿಟ್ಟನ್ ಮೂವರೂ ಸೇರಿ ಐಇಇಇ ಕಂಪ್ಯೂಟರ್ ಪತ್ರಿಕೆಯಲ್ಲಿ ಬರೆದದ್ದರಲ್ಲಿದೆ: ಬಿಂದುವಿನ ಎಡಕ್ಕೂ ಬಲಕ್ಕೂ ಸಮವಾಗಿ ಹಂಚಿ ಜೋಡಿ ಹೊಂದಿಸುವುದು. ಅವರೂ ಹಿನ್ನೆಲೆಯನ್ನು ನೋಡುವವನು ಎಷ್ಟು ಮುಂದೆಯೋ ಅಷ್ಟೇ ಹಿಂದೆ ಇಟ್ಟಿದ್ದಾರೆ, ನನ್ನ ದೇವರ ಫ್ರೇಮಿನ ಲೆಕ್ಕವೇ. ಕಣ್ಣಿನ ಅಂತರಕ್ಕೆ ಎರಡೂವರೆ ಇಂಚು ಹಿಡಿದಿದ್ದಾರೆ. ನಾನು ಓದಿದ್ದು ತೇಪೆ ಹಾಕಿದ ಮೇಲೆ.

ಎರಡನೇ ಎಡವಟ್ಟು: ಅಕ್ಷರದ ಬಲಕ್ಕೆ ಇನ್ನೊಂದು ದೆವ್ವದಂಥ ಪಟ್ಟೆ. 'ಅ' ಮುಗಿದು ಹಿನ್ನೆಲೆಗೆ ಮರಳುವ ಜಾಗದಲ್ಲಿ ಅದೇ ನಲವತ್ತು ಪಿಕ್ಸೆಲ್ ಎರಡು ಸಲ ನಕಲಾಗುತ್ತದೆ, ಕಣ್ಣು ಅಲ್ಲಿ ತಪ್ಪು ಜೋಡಿ ಕಟ್ಟಿಕೊಳ್ಳುತ್ತದೆ. ಜರುಗುವಿಕೆಯನ್ನು 20ಕ್ಕೆ ಇಳಿಸಿದೆ (ಐದು ಸೆಂ.ಮೀ. ಉಬ್ಬು, ಧಾರಾಳ ಸಾಕು), ಎರಡು ಸಲ ಬರುವ ತುಣುಕಿನಲ್ಲಿ ನಕಲಿನ ಬದಲು ಹೊಸ ಚುಕ್ಕಿ ತುಂಬಿಸಿದೆ. ಪಟ್ಟೆ ಹೋಯಿತು.

ಪ್ರಯತ್ನ 4. 'ಅ' ಬಿಟ್ಟು 'ಶ್ರೀ' ಹಾಕಿದೆ. ಲಗ್ನಪತ್ರಿಕೆಯ ತಲೆಯ ಮೇಲೆ ಮಾಯಾ 'ಶ್ರೀ' ಇಟ್ಟು ಮಾರಬಹುದು ಅಂತ ಲೆಕ್ಕಾಚಾರ. ನುಡಿ ಫಾಂಟಿನ ದಪ್ಪ ಅಕ್ಷರದಲ್ಲೂ ಒತ್ತಿನ ಗೆರೆ 3 ಮಿ.ಮೀ. ಮಾತ್ರ ಬಂತು. ಕಂಡದ್ದು ದೊಡ್ಡದೊಂದು ಗುಬುಟು, ಪಕ್ಕದಲ್ಲಿ ಸಣ್ಣದೊಂದು ಗುಬುಟು. ಗೆರೆ 10-12 ಮಿ.ಮೀ. ದಪ್ಪ ಇದ್ದರೆ ಮಾತ್ರ ಅಕ್ಷರ ಅಕ್ಷರವಾಗಿ ನಿಲ್ಲುತ್ತದೆ. ಕನ್ನಡದ ಒತ್ತು, ದೀರ್ಘಗಳಿಗೆ ಇದು ತಕ್ಕ ಜಾಗವಲ್ಲ. ಲಗ್ನಪತ್ರಿಕೆ ಯೋಜನೆ ಕೈಬಿಟ್ಟೆ. ಮದುವೆ ಮನೆಯಲ್ಲಿ ಎಷ್ಟು ಜನ ಕಾರ್ಡಿನ ಮುಂದೆ ಮಾಲುಗಣ್ಣು ಮಾಡಿಕೊಂಡು ನಿಲ್ಲುತ್ತಾರೆ ಅನ್ನುವುದೂ ಯೋಚಿಸಬೇಕಾದ್ದೇ.

ಪ್ರಯತ್ನ 5. ಮತ್ತೆ 'ಅ', ಚೆನ್ನಾಗಿ ದಪ್ಪ ಮಾಡಿ. ಪ್ರಿಂಟ್ ತೆಗೆದು ಅಂಗಡಿಯ ಹುಡುಗನ ಕೈಗೆ ಕೊಟ್ಟೆ. ಅಳೆಯುವ ಕೆಲಸ ಈಗ ಅವನದು. "ಅಣ್ಣ, 31 ಅಂದ್ರಿ, 30 ಬರ್ತಿದೆ" ಅಂದ. ಪ್ರಿಂಟ್ ಡೈಲಾಗಿನಲ್ಲಿ ಹಾಳೆಗೆ ಹೊಂದಿಸುವ ಗುರುತು ಬಿದ್ದಿತ್ತು, ಶೇಕಡಾ 97ಕ್ಕೆ ಇಳಿದಿತ್ತು. ನೋಡಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಮೊದಲಿನ ನಾಲ್ಕೂ ಪ್ರಯತ್ನ ಅದೇ ಸೆಟ್ಟಿಂಗಿನಲ್ಲಿ ಹೋಗಿದ್ದವು, ನಾನು ಬರೆದಿಟ್ಟ ಅಳತೆಗಳಿಗೆಲ್ಲ ಆ ಮೂರು ಶೇಕಡಾ ತಪ್ಪು ಸೇರಿಸಿ ಓದಿಕೊಳ್ಳಬೇಕು.

ಜುಲೈ 14, ಭಾನುವಾರ. ಟಿವಿಯ ಮರ್ಯಾದೆಗೇಡು

ಮನೆಗೆ ತಂಗಿ, ಭಾವ, ಮಕ್ಕಳು ಬಂದಿದ್ದರು. ಫ್ರೇಮು ಅಂಗಡಿಯಲ್ಲಿತ್ತು. ಫೈಲ್ ಫೋನಿನಲ್ಲಿದೆಯಲ್ಲ ಅಂತ 43 ಇಂಚಿನ ಟಿವಿಗೆ ಹಾಕಿ, ಭಾಷಣ ಬೇರೆ ಮಾಡಿದೆ. ಎಂಟು ಜನ, ಇಪ್ಪತ್ತು ನಿಮಿಷ, ಒಬ್ಬರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಭಾವ ಟಿವಿ ಹತ್ತಿರ ಹೋಗಿ "ಕೇಬಲ್ ಹೋದಾಗ ಹಿಂಗೇ ಬರ್ತಿತ್ತು" ಅಂದ.

ಅವರು ಹೋದ ಮೇಲೆ ಟೇಪ್ ಹಿಡಿದೆ. ಟಿವಿಯಲ್ಲಿ ಚಿತ್ರದ ಅಗಲ 757 ಮಿ.ಮೀ., ಪಟ್ಟಿ 79 ಮಿ.ಮೀ. ಯಾರ ಕಣ್ಣೂ ಅಷ್ಟು ದೂರ ದೂರ ಇಲ್ಲ. ಸೋಫಾದಿಂದ ನೋಡಿದರೂ ಅಷ್ಟೇ, ಹಾಸನದಿಂದ ನೋಡಿದರೂ ಅಷ್ಟೇ, ಹೊರಕ್ಕೆ ಕವಲೊಡೆಯದೆ ಸೇರುವುದಿಲ್ಲ. ಜೂನ್ 18ರಂದು ಇದೇ ಪುಸ್ತಕದಲ್ಲಿ ಇದೇ ಮಾತು ಬರೆದಿದ್ದೇನೆ. ಬರೆದವನೇ ಮರೆತಿದ್ದ.

ವಾಟ್ಸಾಪಿನಲ್ಲಿ ಕಳಿಸಿದ್ದೂ ಕೆಟ್ಟಿತು. ಫೋಟೋ ಆಗಿ ಹೋದದ್ದರಿಂದ ಕುಗ್ಗಿ, ಚುಕ್ಕಿಗಳು ಸಾರಿನ ಹಾಗೆ ಕಲಸಿದ್ದವು. ಡಾಕ್ಯುಮೆಂಟ್ ಆಗಿ ಕಳಿಸಿದ ಮೇಲೆ ಇಬ್ಬರಿಗೆ ಕಂಡಿತು. ಆದರೂ ಅಡ್ಡ ಹಿಡಿದ ಫೋನಿನಲ್ಲಿ ಪಟ್ಟಿ 10 ಮಿ.ಮೀ.ಗೆ ಇಳಿಯುತ್ತದೆ, ಕಣ್ಣು ಒಂದು ಪಟ್ಟಿ ಹಾರಿ ಮುಂದಿನದಕ್ಕೆ ಜೋಡಿ ಕಟ್ಟಿಬಿಡುತ್ತದೆ. ತಂಗಿಯ ಮಗಳಿಗೆ 'ಅ' ಎರಡೆರಡಾಗಿ, ಒಂದರ ಮೇಲೊಂದು ಹತ್ತಿ ಕಂಡಿತಂತೆ. ನನಗೆ ಗೊತ್ತಿರುವ ಮಟ್ಟಿಗೆ "ಎರಡಿವೆ" ಅಂತ ನಿಜ ಹೇಳಿದವಳು ಅವಳೊಬ್ಬಳೇ.

ಖರ್ಚು

ಕಲರ್ ಪ್ರಿಂಟ್ 41 ಹಾಳೆ, ನನ್ನ ಅಸಲು ದರ ಆರು ರೂಪಾಯಿಯಂತೆ 246. ಫ್ರೇಮು 220. ಕನ್ನಡಕ 180. ಒಟ್ಟು 646 ರೂಪಾಯಿ. ಲ್ಯಾಂಪು, ಸ್ಕೇಲು ಇದ್ದವು. ಕೆಟ್ಟ ಹಾಳೆಗಳ ಬೆನ್ನಿನಲ್ಲಿ ಬಿಲ್ ಬರೆಯುತ್ತಿದ್ದೇನೆ, ಪೂರ್ತಿ ನಷ್ಟವಲ್ಲ.

ಜುಲೈ 20

'ಅ' ಫ್ರೇಮನ್ನು ಕೌಂಟರ್ ಹಿಂದೆ ತೂಗುಹಾಕಿದ್ದೇನೆ. ಮೇಲೆ 31 ಮಿ.ಮೀ. ಅಂತರದಲ್ಲಿ ಎರಡು ಕಪ್ಪು ಚುಕ್ಕಿ, ಮೂರಾಗಿ ಕಂಡ ಮೇಲೆ ಕಣ್ಣು ಕೆಳಗಿಳಿಸಿ ಅಂತ ಒಂದು ಚೀಟಿ. ಮೊದಲ ಗಿರಾಕಿ ಕೇಳಿದ್ದು "ಇದು ಸನ್‌ಮೈಕಾ ಸ್ಯಾಂಪಲ್ಲಾ?" ಅಂತ.

ಸಂಜೆ ಶಾರ್ಕ್ ಹುಡುಗ ಬಂದ, ಆಧಾರ್ ಜೆರಾಕ್ಸಿಗೆ. ಚೀಟಿ ಓದಲೂ ಇಲ್ಲ, ಬಾಗಿಲಲ್ಲೇ ನಿಂತು ನೋಡಿದ. "ಅಂಕಲ್, ಅ."

"ಭೇಷ್" ಅಂದೆ.

"ಆದ್ರೆ ಅದರ ಬಲಗಡೆ ಕೆಳಗೆ ಇನ್ನೊಂದು ಸಣ್ಣ ಗೀಟು ಇದೆಯಲ್ಲ, ಅದೇನು?"

ಗೀಟಾ? ಅಂಗಡಿ ಮುಚ್ಚಿದ ಮೇಲೆ ಲ್ಯಾಂಪ್ ಹಾಕಿಕೊಂಡು ಕೂತೆ. ಇದೆ. ಎರಡು ಮಿ.ಮೀ. ಅಗಲ, ಅಕ್ಷರದ ಬಾಲ ತಿರುಗುವ ಕಡೆ. ಹೊಸ ಚುಕ್ಕಿ ತುಂಬಿಸುವ ಸಾಲಿನಲ್ಲಿ ಇನ್ನೂ ಏನೋ ಒಂದು ಉಳಿದಿದೆ.